ಕುರಣದ ಪಂಚ

ಕಳ್ಳನ ಮೊಮ್ಮಗ ಎಂದು ಕಾಗದದ ಮೇಲೆ ಬರೆಸಿಕೊಳ್ಳಲು ಜನ ಸರದಿ ಹಚ್ಚಿ ನಿಂತದ್ದನ್ನು ನಾನು ನನ್ನ ಮನೆಯ ಕಟ್ಟೆಯ ಮೇಲೆಯೇ ನೋಡಿದೆ. ಹೋದ ವರ್ಷದ ಮಾಘ. ಬೆಳಗಿನ ಲಿಂಗಪೂಜೆ ಮುಗಿಸಿ ಏಳುವಷ್ಟರಲ್ಲಿ ಐದಾರು ಮಂದಿ ಬಂದು ಕೂತಿರುತ್ತಿದ್ದರು. ಅರಣ್ಯ ಖಾತೆಯ ಹಳೆಯ ವಹಿಯಲ್ಲಿ ತಮ್ಮ ಅಜ್ಜನ ಹೆಸರು ಇದೆಯೇ ಎಂದು ಕೇಳುವರು. ಇದೆ, ಮೂರು ಸಲ ಸಿಕ್ಕಿಬಿದ್ದಿದ್ದಾನೆ ಎಂದರೆ ಮುಖ ಅರಳುತ್ತಿತ್ತು. ಒಬ್ಬನಂತೂ ಮೂರಲ್ಲ, ನಾಲ್ಕು ಸಲ ಸಿಕ್ಕಿದ್ದ, ಸರಿಯಾಗಿ ನೋಡಿರಿ ಎಂದು ನನ್ನೊಡನೆ ವಾದಕ್ಕೇ ನಿಂತ. ಮರುದಿನ ಪೇಢೆ ತಂದುಕೊಟ್ಟ. ನನ್ನ ಹೆಂಡತಿ ಶಾಂತಾದೇವಿ ಅದನ್ನು ಎಮ್ಮೆಯ ಮುಂದೆ ಸುರಿದಳು. ಎಮ್ಮೆಯೂ ಮೂಸಿ ನೋಡಿ ಮುಖ ತಿರುಗಿಸಿತು ಎಂದು ಬರೆದರೆ ಚೆನ್ನಾಗಿರುತ್ತಿತ್ತು, ಆದರೆ ಅದು ತಿಂದಿತು.

ನಾನು ಶಿವಶರಣ. ಇಲ್ಲಿನ ಕನ್ನಡ ಶಾಲೆಯಲ್ಲಿ ಮೂವತ್ತೆಂಟು ವರ್ಷ ಮಾಸ್ತರನಾಗಿದ್ದು ಈಗ ಪಿಂಚಣಿ ತಿನ್ನುತ್ತಿರುವವನು. ನಮ್ಮೂರಿನ ಮಾತು ಕನ್ನಡ, ಸರ್ಕಾರ ಗಡಿಯಾಚೆಯ ಮರಾಠಿಯದು; ಉಟಗಿಯಿಂದ ಜೀಪಿನಲ್ಲಿ ಅರ್ಧ ತಾಸಿನ ದಾರಿ. ಊರ ಪಡುವಣಕ್ಕೆ ಒಂದು ಕುರಣವಿತ್ತು. ಕುರಣ ಎಂದರೆ ಕಾದಿಟ್ಟ ಹುಲ್ಲಿನ ಕಾಡು. ಎದೆಯೆತ್ತರದ ಹುಲ್ಲು, ನಡುನಡುವೆ ಬನ್ನಿ, ಬೇವು, ಬಾರಿ, ಕಾರಿಕಂಟಿ, ತಗ್ಗಿನಲ್ಲಿ ಒಂದು ಹೊಂಡ. ಸಂಸ್ಥಾನದ ಕಾಲದಲ್ಲಿ ಅರಸರ ಕುದುರೆಗಳಿಗೆ ಮೇವು ಬೇಕೆಂದು ಅದನ್ನು ರಾಖೀವ, ಅಂದರೆ ಮೀಸಲು, ಮಾಡಿದ್ದರಂತೆ. ಸಂಸ್ಥಾನ ಹೋಯಿತು, ಕುದುರೆಗಳು ಹೋದವು, ರಾಖೀವ ಎಂಬ ಮಾತು ಮಾತ್ರ ಉಳಿಯಿತು. ಅರಣ್ಯ ಖಾತೆಯ ಖಾಕಿಯವರು ಬಂದು ಗಡಿಗೆ ಸುಣ್ಣ ಬಳಿದ ಕಲ್ಲು ನೆಟ್ಟರು, ಕಾವಲಿನ ಚೌಕಿಗೆಂದು ಒಂದು ನಾಕೆ ಕಟ್ಟಿದರು, ಒಬ್ಬ ಗಾರ್ಡನನ್ನು ಕೂಡಿಸಿದರು. ಎಪ್ಪತ್ತೆರಡರ ಬರದಲ್ಲಿ ಹೊಟ್ಟೆಗಾಗಿ ಕಡಿದವರನ್ನು ನಾನು ಏನೂ ಅನ್ನುವುದಿಲ್ಲ. ಆದರೆ ಬರ ಮುಗಿದ ಮೇಲೂ ಕಡಿದರು. ಜೋಳ ಉಕ್ಕಿ ಬೆಳೆದ ವರ್ಷವೂ ಕಡಿದರು. ಆಮೇಲೆ ಸಸಿ ನೆಡುವ ಯೋಜನೆ ಬಂತು. ಒಂದೇ ತಗ್ಗಿನಲ್ಲಿ ಏಳು ವರ್ಷ ಏಳು ಸಸಿ ನೆಟ್ಟು ಏಳು ಫೋಟೋ ತೆಗೆಸಿಕೊಂಡರು. ಕೊನೆಗೆ ಯಾರೋ ಬಂದು ಇದು ಕಾಡೇ ಅಲ್ಲ, ಬರಡು ಎಂದು ಬರೆದು ರಾಖೀವದ ಪಟ್ಟಿಯಿಂದ ತೆಗೆದುಹಾಕಿದರು. ಅಲ್ಲಿ ಒಂದು ಕಂಪನಿ ಸೋಲಾರ್ ಪ್ಲೇಟು ಹಾಕುವುದೆಂದು ಗೊತ್ತಾಯಿತು.

ಜಾಗ ಕಂಪನಿಯ ಕೈಗೆ ಹೋಗುವ ಮೊದಲು, ಮೂರು ತಲೆಮಾರಿನಿಂದ ಕುರಣವನ್ನು ಬಳಸಿದವರು ಯಾರು ಎಂದು ಗೊತ್ತುಮಾಡಿ ಅವರಿಗೆ ಹಕ್ಕಿನ ಕಾಗದ ಕೊಡಬೇಕೆಂದು ಆದೇಶ ಬಂತು. ಕಾಗದ ಸಿಕ್ಕವರಿಂದ ಕಂಪನಿ ವರ್ಷದ ಬಾಡಿಗೆಯ ಮೇಲೆ ಒಪ್ಪಿಗೆ ಬರೆಸಿಕೊಳ್ಳುತ್ತದೆ. ಕಾಗದವಿದ್ದೂ ಒಪ್ಪದವನು ಒಬ್ಬನಿದ್ದರೂ ಅವನ ದಾರಿ, ಮೇವು, ನೀರು ಬಿಟ್ಟು ಬೇಲಿ ಹಾಕಬೇಕು. ಆದರೆ ಪುರಾವೆ ಎಲ್ಲಿಂದ ತರುವುದು? ಅಷ್ಟರಲ್ಲಿ ಹಳೆಯ ನಾಕೆಯ ಖೋಲಿ ಕೆಡವುವಾಗ ಕಬ್ಬಿಣದ ಪೆಟ್ಟಿಗೆಯೊಳಗೆ ಗುನ್ಹೆಗಳ ವಹಿ ಸಿಕ್ಕಿತು. ಯಾರು ಯಾವತ್ತು ಯಾವ ಮರ ಕಡಿದರು, ಯಾರ ಕೊಡಲಿ ಜಪ್ತಾಯಿತು, ಎಲ್ಲ ಮರಾಠಿಯಲ್ಲಿ, ತಾರೀಖಿನೊಂದಿಗೆ. ಕಾಡನ್ನು ಬಳಸಿದ್ದಕ್ಕೆ ಕಳವಿನ ದಾಖಲೆಗಿಂತ ಒಳ್ಳೆಯ ಪುರಾವೆ ಏನು ಬೇಕು? ಹೀಗೆ ನಮ್ಮೂರಿನಲ್ಲಿ ಕಳ್ಳರ ವಂಶಕ್ಕೆ ಬೆಲೆ ಬಂತು.

ಸರಪಂಚ ವಿಜಯ ವಹಿಯನ್ನು ಹೊತ್ತು ತಂದು ನನ್ನ ಮುಂದಿಟ್ಟ. ಅವನು ನನ್ನ ಕೈಯಲ್ಲೇ ಕಲಿತವನು, ಕಲಿತದ್ದು ಕಡಿಮೆ. ಹಕ್ಕು ಗೊತ್ತುಮಾಡುವ ಊರ ಸಮಿತಿಗೆ ನೀವೇ ಕಾರ್ಯದರ್ಶಿ, ಕನ್ನಡ ಮರಾಠಿ ಎರಡೂ ಬಲ್ಲವರು ಬೇರೆ ಯಾರಿದ್ದಾರೆ ಎಂದು ಉಬ್ಬಿಸಿದ. ವಹಿ ಓದಿ ಹೆಸರುಗಳ ಯಾದಿ ಮಾಡಬೇಕು, ಯಾದಿಯ ಮುಂದೆ ಕುರಣದ ಇತಿಹಾಸ ಒಂದು ಪುಟ ಹಚ್ಚಬೇಕು ಎಂದ. ಇತಿಹಾಸವನ್ನು ಹೊಸದಾಗಿ ಬರೆಯುವ ತ್ರಾಸು ಬೇಡ, ಶಾಲೆಯ ಸುವರ್ಣ ಮಹೋತ್ಸವದ ಪುಸ್ತಕದಲ್ಲಿ ನೀವೇ ಬರೆದದ್ದಿದೆಯಲ್ಲ ಎಂದು ನೆನಪಿಸಿ ಹಲ್ಲು ಕಿಸಿದ.

ಹೌದು, ನಾನೇ ಬರೆದದ್ದು. ಅದರಲ್ಲಿ ಈ ಸಾಲು ಇದೆ: ಸೋಮನಿಂಗಪ್ಪ ಶರಣರು ನಮ್ಮೂರ ಕುರಣವನ್ನು ಹೊಟ್ಟೆಯ ಮಗನಂತೆ ಕಾಪಾಡಿದರು. ಸೋಮನಿಂಗಪ್ಪ ನನ್ನ ಅಪ್ಪ. ಊರಿಗೆ ಒಂದೇ ಕಿರಾಣಿ ಅಂಗಡಿ, ಹಣೆಯ ತುಂಬ ವಿಭೂತಿ, ಶಾಲೆಗೆ ಒಂದು ಖೋಲಿ ಕಟ್ಟಿಸಿಕೊಟ್ಟ ದಾನಿ. ಅವನ ಫೋಟೋ ಇವತ್ತಿಗೂ ಆ ಖೋಲಿಯಲ್ಲಿ ಮಾಲೆ ಹಾಕಿಕೊಂಡು ತೂಗುತ್ತಿದೆ. ಅಂಗಡಿ ಎಲ್ಲರಿಗೂ ಗೊತ್ತಿತ್ತು. ಹಳ್ಳದ ಆಚೆ ಮಣ್ಣು ಮುಚ್ಚಿದ ಇದ್ದಲಿ ಭಟ್ಟಿ ಇತ್ತು, ಅದರ ಇದ್ದಲಿ ಗೋಣಿಚೀಲದಲ್ಲಿ ಪಟ್ಟಣದ ಚಹಾದಂಗಡಿಗಳಿಗೆ ಹೋಗುತ್ತಿತ್ತು ಎಂಬುದು ಮನೆಯವರಿಗಷ್ಟೇ ಗೊತ್ತಿತ್ತು. ಕುರಣದ ಬನ್ನಿಯನ್ನು ಬುಡಸಮೇತ ಸುಟ್ಟವನು ದಸರೆಯ ದಿನ ಕಟ್ಟೆಯ ಮೇಲೆ ಕೂತು ಊರಿಗೆಲ್ಲ ಬನ್ನಿ ಹಂಚಿ, ಬಂಗಾರದಂಗ ಇರೋಣು ಎನ್ನುತ್ತಿದ್ದ. ಆ ಇದ್ದಲಿಯ ದುಡ್ಡಿನಿಂದಲೇ ನಾನು ಶಾಲೆ ಕಲಿತೆ. ಇಷ್ಟೆಲ್ಲ ಗೊತ್ತಿದ್ದೂ ನಾನು ಆ ಸಾಲು ಬರೆದೆ, ಬರೆದ ಮೇಲೆ ಎರಡು ಸಲ ಓದಿ ಮೆಚ್ಚಿಕೊಂಡೆ ಕೂಡ.

ಕುರಣವನ್ನು ನಿಜವಾಗಿ ಕಾದವನು ಬೇರೆ. ಕುರಿ ಮೇಯಿಸುವ ವಿಠೋಬ. ಅವನ ವಸ್ತಿ ಕುರಣದ ಅಂಚಿಗಿತ್ತು. ಮುಂಗಾರಿನ ಮೊದಲ ಮಿರಗದ ಮಳೆ ಬಿದ್ದ ದಿನ ಅವನು ಬೀರದೇವರ ಗುಡಿಯ ಭಂಡಾರ, ಎಂದರೆ ದೇವರ ಅರಿಶಿನ, ತಂದು ಕುರಣದ ನಾಲ್ಕು ಮೂಲೆಯ ಕಲ್ಲಿಗೆ ಹಚ್ಚುತ್ತಿದ್ದ. ಅಲ್ಲಿಂದ ದಸರೆಯವರೆಗೆ ಕುರುಬರ ಒಂದು ಮರಿಯೂ ಒಳಗೆ ಕಾಲಿಡುತ್ತಿರಲಿಲ್ಲ. ಹುಲ್ಲು ಬೀಜ ಉದುರಿಸಿದ ಮೇಲೆಯೇ ಕುರಿ ಬಿಡುವುದು, ಹೊಂಡದ ನೀರು ಕುಡಿಸುವುದು. ಯಾವ ಸರ್ಕಾರವೂ ಅವರಿಗೆ ಇದನ್ನು ಹೇಳಿಕೊಟ್ಟಿರಲಿಲ್ಲ. ಕೊಡಲಿಯ ಸದ್ದು ಕೇಳಿದರೆ ಗಾರ್ಡನನ್ನು ಎಬ್ಬಿಸಿಕೊಂಡು ಬರುತ್ತಿದ್ದವನೂ ವಿಠೋಬನೇ. ಜಾಗದ ಮೇಲೆ ನಿಂತು ನೋಡಿ ಹೆಬ್ಬೆಟ್ಟು ಒತ್ತುವ ಸಾಕ್ಷಿದಾರನಿಗೆ ನಮ್ಮ ಕಡೆ ಪಂಚ ಎನ್ನುತ್ತಾರೆ. ವಹಿಯ ಪುಟಪುಟದ ಕೆಳಗೂ ಪಂಚ ಎಂದು ವಿಠೋಬನ ಹೆಸರು, ಪಕ್ಕಕ್ಕೆ ನೀಲಿ ಹೆಬ್ಬೆಟ್ಟು. ಹದಿನೈದು ವರ್ಷದ ಹೆಬ್ಬೆಟ್ಟು. ಎಪ್ಪತ್ನಾಲ್ಕರ ಒಂದು ಪುಟದವರೆಗೆ ಬಂದು ಅದು ನಿಂತುಹೋಗಿತ್ತು.

ಆ ಪುಟವನ್ನು ನಾನು ಎರಡು ಸಲ ಓದಿದೆ. ಒಂದು ಗಾಡಿ ಹಸಿ ಬನ್ನಿ ಮತ್ತು ಬೇವು. ಆರೋಪಿ ಸೋಮನಿಂಗಪ್ಪ. ಸಂಗಡ ಇನ್ನೊಬ್ಬ ಇಸಮ, ಎಂದರೆ ಆಸಾಮಿ, ಓಡಿಹೋದ, ಗುರುತು ಸಿಗಲಿಲ್ಲ ಎಂದು ಪಂಚ ಹೇಳುತ್ತಾನೆ. ಆ ಇನ್ನೊಬ್ಬ ಇಸಮ ನಾನೇ. ಆಗ ಹದಿನೆಂಟು ತುಂಬಿತ್ತು, ಮಾಸ್ತರಕಿಯ ಟ್ರೇನಿಂಗಿಗೆ ಹೆಸರು ಬಂದಿತ್ತು, ಹೊರಡಲು ಎಂಟು ದಿನ ಉಳಿದಿತ್ತು. ಬೆಳಗಿನ ಹೊತ್ತು, ಬಿಸಿಲು ಬಿದ್ದಿತ್ತು. ಗಾರ್ಡನ ಸೀಟಿ ಕೇಳಿದ್ದೇ ತಡ, ಕೈಯಲ್ಲಿದ್ದ ಕೊಡಲಿ ಅಲ್ಲಿಯೇ ಒಗೆದು, ಅಪ್ಪನನ್ನು ಗಾಡಿಯ ಹತ್ತಿರವೇ ಬಿಟ್ಟು, ಹೊಂಡದ ಮೇಲಿನ ಕಾರಿಕಂಟಿಯೊಳಗೆ ತೂರಿ ಕೂತೆ. ಮುಳ್ಳು ಚುಚ್ಚಿ ರಕ್ತ ಬಂದರೂ ಉಸಿರು ಬಿಡಲಿಲ್ಲ. ಕೆಳಗೆ ವಿಠೋಬನ ಮುನ್ನೂರು ಕುರಿಗಳು ಹೊಂಡದ ದಂಡೆಗೆ ನೀರು ಕುಡಿಯುತ್ತಿದ್ದವು. ಅವನ ನಾಯಿ ನನ್ನ ಕಂಟಿಯ ಕಡೆಗೆ ಬೊಗಳಿತು, ಅವನು ಸಿಳ್ಳು ಹಾಕಿ ಕರೆದುಕೊಂಡ. ನಾನು ಯಾರಿಗೂ ಕಾಣಲಿಲ್ಲ ಎಂದುಕೊಂಡೆ. ಐವತ್ತು ವರ್ಷ ಹಾಗೆಯೇ ತಿಳಿದು ಬಾಳಿದೆ. ಅಪ್ಪ ಗುಟ್ಟಾಗಿ ದಂಡ ತುಂಬಿ ಪ್ರಕರಣ ಮುಗಿಸಿಕೊಂಡ, ಊರಿಗೆ ಸುದ್ದಿ ಹಬ್ಬಲಿಲ್ಲ. ವಹಿಯಲ್ಲಿ ಹೆಸರು ಬಂದಿದ್ದರೆ ನನಗೆ ಸರ್ಕಾರಿ ನೌಕರಿ ಸಿಗುತ್ತಿರಲಿಲ್ಲ.

ಯಾದಿ ಮಾಡುವಾಗ ಆ ಪುಟವನ್ನು ನಾನು ಬಿಟ್ಟುಬಿಟ್ಟೆ. ಉಳಿದವರೆಲ್ಲ ತಮ್ಮ ಅಜ್ಜ ಕಳ್ಳನಾದದ್ದಕ್ಕೆ ಹಿಗ್ಗಿ ಕುಣಿಯುತ್ತಿದ್ದಾಗ ನನಗೇಕೆ ನಾಚಿಕೆ ಎಂದು ಕೇಳಬಹುದು. ಅವರ ಅಜ್ಜಂದಿರ ಫೋಟೋಕ್ಕೆ ಶಾಲೆಯಲ್ಲಿ ಮಾಲೆ ಇರಲಿಲ್ಲ. ಅವರು ಯಾರೂ ಮೂವತ್ತೆಂಟು ವರ್ಷ ಮಕ್ಕಳ ಮುಂದೆ ನಿಂತು ಗಿಡ ಕಡಿಯಬಾರದು, ಸುಳ್ಳು ಹೇಳಬಾರದು ಎಂದು ಬೆತ್ತ ಆಡಿಸಿರಲಿಲ್ಲ.

ಯಾದಿ ಮುಗಿಯುವ ಹೊತ್ತಿಗೆ ಸಾವಿತ್ರವ್ವ ಬಂದಳು. ವಿಠೋಬನ ಸೊಸೆ, ಐವತ್ತೈದು ದಾಟಿದವಳು, ಬಿರುಸು ಮಾತಿನವಳು. ಗಂಡ ಕುರಿ ಹೊಡೆದುಕೊಂಡು ಕೃಷ್ಣೆಯ ದಂಡೆಯ ಕಡೆಗೆ ಹೋಗಿದ್ದ, ಕಾಗದಪತ್ರದ ಓಡಾಟವೆಲ್ಲ ಇವಳದೇ. ಚಪ್ಪಲಿ ದೂರ ಬಿಟ್ಟು ಬಂದು ಕಟ್ಟೆಯ ಕೆಳಗೆ ಕೂತಳು. ಮೇಲೆ ಕುಂದ್ರು ಎಂದರೂ ಬರಲಿಲ್ಲ. ತಮ್ಮ ವಸ್ತಿಯ ಹೆಸರು ಯಾದಿಯಲ್ಲಿಲ್ಲವೆಂದು ವಿಜಯ ಹೇಳಿದ್ದನಂತೆ.

"ಮಾಸ್ತರ್ರಿ, ಕದ್ದವರ ಹೆಸರೆಲ್ಲಾ ಅದಾವ, ಕಾದವರ ಹೆಸರ ಇಲ್ಲಂದ್ರ ಹೆಂಗ್ರಿ? ಹೊಂಡಕ್ಕ ಬೇಲಿ ಬಿತ್ತಂದ್ರ ನಮ್ಮ ಕುರಿ ಎಲ್ಲಿ ನೀರ ಕುಡೀಬೇಕು?"

ಬೇಸಿಗೆಯಲ್ಲಿ ಆ ಸುತ್ತಿನಲ್ಲಿ ನೀರು ಇರುವುದು ಅದೊಂದೇ ಹೊಂಡದಲ್ಲಿ. ಅದು ಹೋದರೆ ಇನ್ನೂರು ಕುರಿ ಮಾರಬೇಕು, ವಸ್ತಿ ಎತ್ತಬೇಕು. ವಿಜಯ ಅವಳಿಗೊಂದು ಉಪಾಯವನ್ನೂ ಹೇಳಿಕೊಟ್ಟಿದ್ದ. ನಮ್ಮ ಮಾವನೂ ಕದ್ದು ಕಡಿದಿದ್ದ, ಕದ್ದು ಮೇಯಿಸಿದ್ದ ಎಂದು ಒಂದು ಪ್ರತಿಜ್ಞಾಪತ್ರ ಬರೆದುಕೊಟ್ಟರೆ ಹೆಸರು ಸೇರಿಸುತ್ತಾರಂತೆ. ಅದನ್ನು ಹೇಳುವಾಗ ಅವಳ ಮುಖ ಕೊಳೆತದ್ದನ್ನು ಮುಟ್ಟಿದವರ ಹಾಗೆ ಆಗಿತ್ತು.

"ನಮ್ಮ ಮಾವ ಕಳ್ಳ ಅಂತ ನಾ ಹೆಬ್ಬಟ್ಟ ಒತ್ತಂಗಿಲ್ರಿ. ಸುಳ್ಳ ಹೇಳಿದ ಮ್ಯಾಲ ಬೀರದೇವರ ಭಂಡಾರ ಮುಟ್ಟಾಕ ಬರಂಗಿಲ್ಲ ನಮ್ಮಲ್ಲಿ. ಬರೀ ಹಣಿ ಇಟಗೊಂಡ ಬಾಳೂದು ಯಾರಿಗಿ ಬೇಕ್ರಿ?"

ಇನ್ನೊಂದು ದಾರಿಯಿತ್ತು, ಅದನ್ನು ನಾನೇ ಅವಳಿಗೆ ಹೇಳಿದೆ. ಹಕ್ಕು ಕೇಳುವವರ ಮನೆತನಕ್ಕೆ ಸೇರದ ಹಿರಿಯನೊಬ್ಬ ಸುನಾವಣಿಯಲ್ಲಿ, ಎಂದರೆ ಸರ್ಕಾರಿ ಸಾಹೇಬನ ವಿಚಾರಣೆಯಲ್ಲಿ, ಎದ್ದು ನಿಂತು, ಇವರು ಕುರಣ ಬಳಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ ಎಂದು ಹೇಳಿ ಬರೆಸಿದರೆ ಅದನ್ನೂ ಪುರಾವೆ ಎಂದು ಹಿಡಿಯುತ್ತಾರೆ. ನಾನು ಹೇಳುತ್ತೇನೆ ಎಂದೆ. ಹೇಳಿದ ಗಳಿಗೆಯಲ್ಲಿ ನನ್ನ ಬಗ್ಗೆ ನನಗೇ ಗೌರವ ಉಕ್ಕಿ ಬಂತು. ಅವಳು ನನ್ನ ಮುಖವನ್ನೊಮ್ಮೆ ನೋಡಿ, ಚಪ್ಪಲಿ ಮೆಟ್ಟಿಕೊಂಡು ಹೋದಳು. ಒಳಗಿನಿಂದ ಶಾಂತಾದೇವಿ, ನೀವು ಖರೇನೇ ಹೇಳತೀರೇನು ಎಂದು ಕೇಳಿದಳು. ನಲವತ್ತೈದು ವರ್ಷ ಸಂಸಾರ ಮಾಡಿದವಳು, ಅವಳಿಗೆ ನನ್ನ ಗುರುತು ಚೆನ್ನಾಗಿಯೇ ಇತ್ತು.

ಸುನಾವಣಿ ನಡೆದದ್ದು ಶಾಲೆಯಲ್ಲಿ, ಅಪ್ಪ ಕಟ್ಟಿಸಿದ ಖೋಲಿಯಲ್ಲಿ. ಸಾಹೇಬ ಬೆಳಗ್ಗೆ ಹನ್ನೊಂದಕ್ಕೆ ಬಂದ, ವಯಸ್ಸು ಚಿಕ್ಕದು, ಮಾತು ಮೆತ್ತಗೆ. ಯಾದಿ ಓದಿದರು. ಒಬ್ಬೊಬ್ಬನೂ ಎದ್ದು ನಿಂತು ತನ್ನ ಅಜ್ಜನ ಕಳವಿಗೆ ಹೌದು ಎಂದು ಗೋಣು ಹಾಕಿದ. ಸೆಂಟಿನ ವಾಸನೆ, ಇಸ್ತ್ರಿ ಮಾಡಿದ ಅಂಗಿ, ಒಬ್ಬ ಹೊಸ ಟೋಪಿ ಹಾಕಿಕೊಂಡೇ ಬಂದಿದ್ದ. ಬೇವಿನ ಮರ ಉರುಳಿಸಿದವನ ಮಗ, ಚಿಗರಿ ಹೊಡೆದು ತಿಂದವನ ಮೊಮ್ಮಗ, ಎಲ್ಲರೂ ಪಾರಂಪರಿಕ ಹಕ್ಕುದಾರರಾದರು. ಕಂಪನಿಯವನು ಆಚೆ ಬದಿಯ ಬೆಂಚಿನ ಮೇಲೆ ಒಪ್ಪಿಗೆ ಪತ್ರಗಳನ್ನು ಹರವಿಕೊಂಡು ಕೂತಿದ್ದ. ಇವರು ಹಕ್ಕಿಗೆ ಸಹಿ ಮಾಡಿ, ಹತ್ತು ಹೆಜ್ಜೆ ನಡೆದು, ಅದೇ ಹಕ್ಕನ್ನು ಬಿಟ್ಟುಕೊಟ್ಟದ್ದಕ್ಕೆ ಸಹಿ ಮಾಡುತ್ತಿದ್ದರು.

ಕೊನೆಗೆ ಕುರುಬರ ವಸ್ತಿಯ ಪಾಳಿ ಬಂತು. ಸಾಹೇಬ ವಹಿಯನ್ನು ತಿರುವಿ ನೋಡಿ ಮರಾಠಿಯಲ್ಲಿ ಹೇಳಿದ: ಈ ವಿಠೋಬ ಪಂಚನಷ್ಟೇ, ಬಳಸಿದವನಲ್ಲ. ಅದೂ ಎಪ್ಪತ್ನಾಲ್ಕರವರೆಗೆ. ಮುಂದಿನ ಇಪ್ಪತ್ತು ವರ್ಷದ ಪುಟಗಳಲ್ಲಿ ಬೇರೆಯವರು ಪಂಚರು. ಅಂದರೆ ಈ ಜನ ಕುರಣ ಬಿಟ್ಟುಹೋಗಿದ್ದಾರೆ ಎಂದಾಯಿತಲ್ಲ, ಆಮೇಲೆ ಅವನೇಕೆ ಪಂಚನಾಗುವುದನ್ನು ಬಿಟ್ಟ ಎಂದು ಸಾವಿತ್ರವ್ವನನ್ನು ಕೇಳಿದ. ಅಷ್ಟು ಬಿರುಸಿನ ಹೆಂಗಸು ಅಲ್ಲೇಕೆ ಮಾತಾಡಲಿಲ್ಲ ಎಂದು ನನಗೆ ಸಿಟ್ಟೇ ಬಂತು.

ನಾನು ಎದ್ದು ನಿಂತೆ. ವಿಠೋಬ ಮತ್ತು ಅವನ ಮನೆಯವರು ಮೊದಲಿನಿಂದಲೂ ಕುರಿ ಮೇಯಿಸಿದ್ದಾರೆ, ಹೊಂಡದ ನೀರು ಕುಡಿಸಿದ್ದಾರೆ, ಕುರಣ ಕಾದದ್ದೂ ಅವರೇ ಎಂದೆ. ಸಾಹೇಬನಿಗೆ ಖುಷಿಯಾಯಿತು. ಅವನಿಗೆ ಇವರ ಮೇಲೆ ಹಗೆಯೇನೂ ಇರಲಿಲ್ಲ. ಪೆನ್ನು ತೆರೆದು, ಗುರೂಜಿ, ನಿಮ್ಮಂಥ ಹಿರಿಯರ ಒಂದು ಮಾತು ಸಾಕು ಎಂದ. ಆಮೇಲೆ ಕೇಳಿದ: ಕುರಣದ ಒಳಗೆ, ಹೊಂಡದ ದಂಡೆಗೆ, ಇವರ ಕುರಿಗಳು ನೀರು ಕುಡಿದದ್ದನ್ನು ನೀವು ಕಣ್ಣಾರೆ ಕಂಡಿದ್ದೀರಾ? ಯಾವಾಗ, ಎಲ್ಲಿ ನಿಂತು ಕಂಡಿರಿ?

ಕಂಡಿದ್ದೆ. ಒಂದೇ ಒಂದು ಸಲ ಕಂಡಿದ್ದೆ. ಮುನ್ನೂರು ಕುರಿಗಳನ್ನೂ, ನೀರಿನಲ್ಲಿ ಅವುಗಳ ನೆರಳನ್ನೂ ಕಂಡಿದ್ದೆ. ಎಲ್ಲಿ ನಿಂತು ಎಂದರೆ ಕಾರಿಕಂಟಿಯೊಳಗೆ ಎನ್ನಬೇಕು. ಅಲ್ಲೇಕೆ ಇದ್ದಿರಿ ಎಂದರೆ ಕೊಡಲಿಯ ಮಾತು ಬರುತ್ತದೆ. ವಿಜಯ ನನ್ನನ್ನೇ ನೋಡುತ್ತಿದ್ದ. ಗೋಡೆಯ ಮೇಲೆ ಅಪ್ಪ ವಿಭೂತಿ ಧರಿಸಿ ಕೂತಿದ್ದ.

"ಇಲ್ಲ, ಒಳಗೆ ನಾನು ಹೋಗಿಲ್ಲ. ಮಂದಿ ಹೇಳಿದ್ದನ್ನು ಕೇಳಿದ್ದೇನೆ," ಎಂದೆ.

ಸಾಹೇಬ ಪೆನ್ನು ಕೆಳಗಿಟ್ಟ. ಕೇಳಿದ ಮಾತು ಪುರಾವೆಯಲ್ಲ, ಮಾಫ್ ಮಾಡಿರಿ ಎಂದು ಬೇಸರದಿಂದಲೇ ಹೇಳಿದ. ಕುರುಬರ ಅರ್ಜಿ ಅಮಾನ್ಯವಾಯಿತು. ಒಟ್ಟು ಎರಡು ನಿಮಿಷದ ಕೆಲಸ.

ಹೊರಗೆ ಸಾವಿತ್ರವ್ವ ಜೀಪಿಗೆ ಕಾಯುತ್ತ ನಿಂತಿದ್ದಳು. ಉಟಗಿಗೆ ಹೋಗಿ ಕುರಿ ವ್ಯಾಪಾರಿಯನ್ನು ಕಂಡು ಬರಬೇಕಂತೆ. ನಾನು ಹತ್ತಿರ ಹೋಗಿ, ಹೇಳುವಷ್ಟು ಹೇಳಿದೆ, ಅವರು ಒಪ್ಪಲಿಲ್ಲ ಎಂದೆ. ಆ ಮಾತು ಆಡಿದ ನಾಲಿಗೆ ಇನ್ನೂ ನನ್ನ ಬಾಯಲ್ಲೇ ಇದೆ. ಆಮೇಲೆ, ಮಾವ ಯಾಕೆ ಪಂಚನಾಗುವುದನ್ನು ಬಿಟ್ಟ ಎಂದು ಅಷ್ಟು ಕೇಳಿದರೂ ನೀನು ಬಾಯಿ ಬಿಡಲಿಲ್ಲವಲ್ಲ ಎಂದು ಅವಳ ಮೇಲೆಯೇ ತಪ್ಪು ಹೊರಿಸಿದೆ.

ಅವಳು ಸೆರಗು ಸರಿಪಡಿಸಿಕೊಂಡು, ಸಂತೆಯ ಮಾತು ಹೇಳುವಷ್ಟು ಸಹಜವಾಗಿ ಹೇಳಿದಳು.

"ನೀವು ಕಾರಿಕಂಟ್ಯಾಗ ಕುಂತಿದ್ರಲ್ರಿ ಅವತ್ತ, ಮಾವ ನೋಡಿದ್ದ. ಹುಡುಗ ಮಾಸ್ತರಕಿ ಕಲಿಯಾಕ ಹೊಂಟಾನ, ಹೆಸರ ಬಂತಂದ್ರ ಅವನ ಬಾಳೇವು ಹಾಳಾಗತದ ಅಂತ, ಗಾರ್ಡನ ಮುಂದ ಗುರ್ತ ಸಿಗಲಿಲ್ಲ ಅಂದ. ಸುಳ್ಳ ಹೇಳಿದ ಬಾಯಿ ಅಂತ ಮುಂದ ಪಂಚಾಗಿ ನಿಲ್ಲಲಿಲ್ಲ. ಸಾಯೂತನಾ ಹಣಿಗಿ ಭಂಡಾರ ಹಚ್ಚಲಿಲ್ಲ."

ಇದನ್ನು ಒಳಗೆ ಹೇಳಬಹುದಿತ್ತಲ್ಲ ಎಂದೆ.

"ಅದು ನೀವು ಹೇಳೂ ಮಾತಿತ್ರಿ, ಮಾಸ್ತರ," ಎಂದಳು. ಜೀಪು ಬಂತು, ಹತ್ತಿ ಹೋದಳು.

ನಾನು ಶಾಲೆಯೊಳಕ್ಕೆ ತಿರುಗಿ ಬಂದೆ. ಹೇಳಿಬಿಡಬೇಕೆಂದೇ ಬಂದೆ, ಇದರಲ್ಲಿ ಸುಳ್ಳಿಲ್ಲ. ಸಾಹೇಬ ಇನ್ನೂ ಅಲ್ಲಿಯೇ ಇದ್ದ, ವಹಿ ಮೇಜಿನ ಮೇಲೆಯೇ ಇತ್ತು, ಪುಟ ತೆರೆದು ಬೆರಳು ಇಟ್ಟು ತೋರಿಸಿದರೆ ಮುಗಿಯುತ್ತಿತ್ತು. ವಿಜಯ ಠರಾವಿನ ಕಾಗದವನ್ನು ನನ್ನ ಮುಂದೆ ಸರಿಸಿ, ಕಾರ್ಯದರ್ಶಿಯ ಸಹಿ ಒಂದೇ ಉಳಿದಿದೆ ಸರ್ ಎಂದ. ಕುರುಬರ ವಸ್ತಿ ಕುರಣವನ್ನು ಬಳಸಿದ್ದಕ್ಕೆ ಯಾವ ಪುರಾವೆಯೂ ಇಲ್ಲ, ಸರ್ವಾನುಮತ ಎಂದು ಅದರಲ್ಲಿ ಬರೆದಿತ್ತು. ಅದಕ್ಕೆ ಹಚ್ಚಿದ ಮೊದಲ ಪುಟ ನನ್ನ ಇತಿಹಾಸ, ಹೊಟ್ಟೆಯ ಮಗನಂತೆ ಕಾಪಾಡಿದ ಸೋಮನಿಂಗಪ್ಪ ಶರಣರದು.

ನಾನು ಸಹಿ ಮಾಡಿದೆ. ಅಕ್ಷರ ಯಾವತ್ತಿನಂತೆ ದುಂಡಗೆ ಬಂದವು. ಸಾಹೇಬ ಅದನ್ನು ಮೆಚ್ಚಿ, ಹಳೆಯ ಮಾಸ್ತರರ ಕೈಬರಹವೇ ಬೇರೆ ಎಂದ. ಅಷ್ಟರಲ್ಲಿ ಎಲ್ಲರಿಗೂ ಚಹಾ ಬಂತು. ನಾನೂ ತೆಗೆದುಕೊಂಡೆ, ಪೂರ್ತಿ ಕುಡಿದೆ.